ಟಿ.ಸಿ. ಕೊಟ್ಟರೆ ಮುಗಿಯಿತೇ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೈಸ್ಕೂಲು ಹುಡುಗನೊಬ್ಬ ಮೇಷ್ಟ್ರಿಗೆ ಎದುರು ಮಾತಾಡಿದರೆ, ಗುಟ್ಕಾ ಹಾಕಿ ಸಿಕ್ಕಿಬಿದ್ದರೆ, ಜನ ಎರಡರಲ್ಲಿ ಒಂದು ಮಾತು ಆಡುತ್ತಾರೆ: ಹುಟ್ಟುಗುಣ ಸುಟ್ಟರೂ ಹೋಗದು, ಇಲ್ಲವೇ, ಮನೆಯಲ್ಲಿ ಸರಿಯಾಗಿ ನಾಲ್ಕು ಬಿಟ್ಟಿಲ್ಲ. ಎರಡನೆಯದನ್ನು ಕೇಳಿದರೆ ನನಗೆ ಹೆಚ್ಚು ಸಂಕಟ. ಅಂಥ ಎಷ್ಟೋ ಹುಡುಗರು ಏಟು ತಿಂದೇ ಬೆಳೆದಿರುತ್ತಾರೆ.

ಬಾಲ್ಯದ ಏಟು, ಬೈಗುಳ, ಮನೆಯವರ ಕುಡಿತ, ಅಮ್ಮನ ಮೇಲಿನ ಹೊಡೆತ ಇವನ್ನೆಲ್ಲ ಎಣಿಸಿ ನೋಡಿದ ಅಮೆರಿಕದ ವೈದ್ಯರು ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ. 1998ರಲ್ಲಿ ಅವರು ತೋರಿಸಿದಂತೆ, ಈ ಎಣಿಕೆ ಏರಿದ ಹಾಗೆ ಮುಂದಿನ ಕುಡಿತ, ಆತ್ಮಹತ್ಯೆಯ ಯತ್ನಗಳೂ ಏರಿದ್ದವು. ಅದು ಅಮೆರಿಕದ ಮಾತು ಎನ್ನುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳಾಗಿ, ಮೈಸೂರೂ ಸೇರಿದಂತೆ ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದವರನ್ನು ಅಧ್ಯಯನ ಮಾಡಿದ ‘ಸಿವೇದ’ ಎಂಬ ಸಂಶೋಧನೆಯಲ್ಲೂ ಬಾಲ್ಯದ ಕಷ್ಟಕ್ಕೂ ಹರೆಯದ ದುಶ್ಚಟಕ್ಕೂ ನಂಟು ಕಂಡಿದೆ.

ನಂಟು ಯಾಕೆ? ಬಾಗಿಲು ತಟ್ಟುವ ಸದ್ದಿನಲ್ಲೇ ಅಪ್ಪ ಇವತ್ತು ಎಷ್ಟು ಕುಡಿದಿದ್ದಾನೆಂದು ಅಳೆಯುವ ಮಗುವಿಗೆ ಅಪಾಯವನ್ನು ಮೊದಲೇ ಮೂಸಿ ತಿಳಿಯುವುದೇ ಬದುಕುವ ವಿದ್ಯೆ. ಆ ಮೈ ಸದಾ ಎಚ್ಚರದಲ್ಲಿರುತ್ತದೆ. ಶಾಲೆಯಲ್ಲಿ ಯಾರೋ ಸುಮ್ಮನೆ ದಿಟ್ಟಿಸಿದರೂ ಅದಕ್ಕೆ ಸಿಟ್ಟೇ ಕಾಣುತ್ತದೆ, ಕೈ ಮುಂದಾಗುತ್ತದೆ. ಮನೆಯಲ್ಲಿ ಅವನನ್ನು ಕಾಪಾಡಿದ ಗುಣಕ್ಕೆ ಶಾಲೆಯಲ್ಲಿ ಶಿಕ್ಷೆ.

ಈ ನಡತೆಯನ್ನು ಬಡತನದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಬಯಲುಸೀಮೆಯ ಈ ಕಡೆಯಿಂದ ಕಾಫಿ ಕುಯಿಲಿಗೆ ಮಲೆನಾಡಿನ ತೋಟಗಳಿಗೆ ಹೋಗುವ ಬಡ ಕುಟುಂಬಗಳಿವೆ. ಆಗ ಊರಲ್ಲೇ ಅಜ್ಜಿಯ ಬಳಿ ಉಳಿದ ಮಗು, ಅಜ್ಜಿ ಗಟ್ಟಿಯಾಗಿದ್ದರೆ, ಚೆನ್ನಾಗಿಯೇ ಬೆಳೆಯುತ್ತದೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ತೀರಾ ಕಷ್ಟದಲ್ಲಿ ಬೆಳೆದವರಲ್ಲೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ ನಿಂತರು. ಅವರಿಗೆ ಆಸರೆಯಾದವುಗಳಲ್ಲಿ ಮುಖ್ಯವಾದದ್ದು, ಕೈಬಿಡದ ಒಬ್ಬ ಹಿರಿಯರ ನಂಟು. ಅಪ್ಪ ಅಮ್ಮನೇ ಆಗಬೇಕೆಂದಿರಲಿಲ್ಲ, ಅಜ್ಜಿಯಾಗಬಹುದು, ಮೇಷ್ಟ್ರಾಗಬಹುದು.

ಹಾಗಿರುವಾಗ ಶಾಲೆಯೇ ಕೈಬಿಟ್ಟರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಮಗುವನ್ನು ಶಾಲೆಯಿಂದ ಹೊರಹಾಕಬಾರದೆನ್ನುತ್ತದೆ, ಆದರೆ ಎಂಟನೇ ತರಗತಿ ಮುಗಿಯುವವರೆಗೆ ಮಾತ್ರ. ಹರೆಯದ ಗಲಾಟೆ ಜೋರಾಗುವುದು ಒಂಬತ್ತು, ಹತ್ತರಲ್ಲಿ. ಕಾವಲು ಬೇಕಾದ ಹೊತ್ತಿಗೇ ಕಾವಲು ಇಲ್ಲ.

ಉಳಿದ ಮಕ್ಕಳ ಗತಿ ಏನು ಎಂದು ಹೆಡ್ಮಾಸ್ಟರು ಕೇಳುವುದು ಸರಿಯಾದ ಪ್ರಶ್ನೆಯೇ. ಹೊಡೆದವನನ್ನು ತಡೆಯಲೇಬೇಕು, ತಪ್ಪನ್ನು ತಪ್ಪೆಂದೇ ಹೇಳಬೇಕು. ಆದರೆ ಟಿ.ಸಿ. ಪಡೆದ ಹುಡುಗ ಊರು ಬಿಟ್ಟು ಹೋಗುವುದಿಲ್ಲ. ಅದೇ ಬಸ್ ಸ್ಟ್ಯಾಂಡಿನಲ್ಲಿ, ಇನ್ನೂ ದೊಡ್ಡ ಹುಡುಗರ ಜೊತೆ ಸಿಗುತ್ತಾನೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿದೆ. ಮಕ್ಕಳ ಸಹಾಯವಾಣಿ 1098 ಇದೆ. ಇವೆರಡನ್ನೂ ಬಳಸಿ ನೋಡಿದ್ದೇವೆ, ಮನೆಯವರನ್ನು ಕೂರಿಸಿ ಮಾತಾಡಿದ್ದೇವೆ ಎಂದು ಬರೆದಿಡದೆ ಯಾವ ಹೈಸ್ಕೂಲೂ ಟಿ.ಸಿ.ಗೆ ಸಹಿ ಹಾಕಬಾರದೆಂಬ ಆದೇಶವನ್ನು ಶಿಕ್ಷಣ ಇಲಾಖೆ ಹೊರಡಿಸಬೇಕು.