ಡೋಪಿಂಗ್ ತನಿಖೆ: ಶಿಕ್ಷೆ ಓಡಿದವರಿಗೆ ಮಾತ್ರವೇ?



ಸೈಕಲ್ ರೇಸ್ ಆಗಲಿ, ಓಟವಾಗಲಿ, ಯಾರೋ ಒಬ್ಬರು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು ಎಂಬ ಸುದ್ದಿ ಬಂದ ಕೂಡಲೇ ನಾವು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವರ್ಷ ಬ್ಯಾನ್ ಆಗಬಹುದು?" ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಬಂದ್ಯೋಡಿನ ನಾವು ಕೆಲವರು ಇದನ್ನೇ ಮಾತಾಡುತ್ತಾ ನಿಂತಿದ್ದೆವು. ಮಾತು ಮುಗಿಯುವ ಹೊತ್ತಿಗೆ ಆ ಪ್ರಶ್ನೆಯೇ ತಪ್ಪು ಎಂದು ನಮಗೆ ಅನಿಸಿತು. "ಯಾರಿಗೆಲ್ಲ ಶಿಕ್ಷೆ ಆಗುತ್ತದೆ?" ಎಂದು ಕೇಳಬೇಕಿತ್ತು. ನಮ್ಮ ದೇಶದಲ್ಲಿ ಇದಕ್ಕೆ ಉತ್ತರ ಮೊದಲೇ ಗೊತ್ತಿರುತ್ತದೆ. ಓಡಿದವರಿಗೆ ಮಾತ್ರ.

ನಮ್ಮ ಹತ್ತಿರದ ಉದಾಹರಣೆಯನ್ನೇ ನೋಡೋಣ. ಕುಂದಾಪುರ ಕಡೆಯ ಸಿದ್ದಾಪುರದ ಕೃಷಿಕ ಕುಟುಂಬದ ಹುಡುಗಿ ಅಶ್ವಿನಿ ಅಕ್ಕುಂಜೆ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ನಾವೆಲ್ಲ ಆಗ ಚಿಕ್ಕ ಮಕ್ಕಳು. ಆದರೂ ಆ ಹೆಸರು ನಮಗೆ ಗೊತ್ತಿತ್ತು. 2011ರ ಜುಲೈಯಲ್ಲಿ ಮೆಥಾಂಡಿಯೆನೋನ್ ಎಂಬ ಸ್ಟಿರಾಯ್ಡ್ ಅವರ ಮಾದರಿಯಲ್ಲಿ ಪತ್ತೆಯಾಯಿತು. ಒಬ್ಬರಲ್ಲ, ಒಟ್ಟು ಆರು ಮಂದಿ ಓಟಗಾರ್ತಿಯರು ಅದೇ ಪ್ರಕರಣದಲ್ಲಿ ಸಿಕ್ಕಿಬಿದ್ದರು. ನಮ್ಮ ಕೇರಳದ ಸಿನಿ ಜೋಸ್, ಟಿಯಾನಾ ಮೇರಿ ಥಾಮಸ್ ಕೂಡ ಅವರಲ್ಲಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ತಂದುಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತು ಎಂದು ಹುಡುಗಿಯರು ಹೇಳಿದರು.

ಮುಂದೇನಾಯಿತು? ಡಿಸೆಂಬರ್ 2011ರಲ್ಲಿ ರಾಷ್ಟ್ರೀಯ ಸಮಿತಿ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಹೋಯಿತು. ಜುಲೈ 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕೆಲಸ ಕಳೆದುಕೊಂಡರು, ನಿಜ. ಆದರೆ ಕೆಲವೇ ವರ್ಷಗಳಲ್ಲಿ ಅವರು ಭಾರತ ತಂಡಕ್ಕೆ ಕೋಚ್ ಆಗಿಯೇ ಮರಳಿ ಬಂದರು.

ಕೋಚ್ ಬೇಕೆಂದೇ ಕೊಟ್ಟರು ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ನಮ್ಮಲ್ಲಿ ಪುರಾವೆ ಇಲ್ಲ. ಆದರೆ ಆರು ಹುಡುಗಿಯರ ದೇಹಕ್ಕೆ ಮದ್ದು ಸೇರಿದ ದಾರಿಯಲ್ಲಿ ದೊಡ್ಡವರು ಯಾರೂ ಇರಲೇ ಇಲ್ಲವೇ? ಕೊಂಡವರು, ಕೊಟ್ಟವರು, ಶಿಬಿರದಲ್ಲಿ ನೋಡಿಕೊಳ್ಳಬೇಕಾದವರು ಎಲ್ಲಿ ಹೋದರು?

"ಅಷ್ಟಾದರೂ ನಮ್ಮವರು ಒಂದೇ ವರ್ಷ ಕೊಟ್ಟು ಕರುಣೆ ತೋರಿದರಲ್ಲ" ಎಂದು ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಮಂಗಳೂರಿನ ಎಂ.ಆರ್. ಪೂವಮ್ಮ ಅವರ ಪ್ರಕರಣದಲ್ಲೂ ಮೊದಲ ಸಮಿತಿ ಮೂರು ತಿಂಗಳು ಎಂದಿತು, 2022ರಲ್ಲಿ ಮೇಲ್ಮನವಿ ಸಮಿತಿ ಎರಡು ವರ್ಷ ಎಂದಿತು. ಸೈಕ್ಲಿಂಗ್‌ನಲ್ಲೂ ಇದೇ ಕಥೆ. 2010ರ ಟೂರ್ ಡಿ ಫ್ರಾನ್ಸ್‌ನಲ್ಲಿ ಕ್ಲೆನ್‌ಬ್ಯುಟರಾಲ್ ಪತ್ತೆಯಾದ ಆಲ್ಬರ್ಟೊ ಕೊಂಟಡಾರ್‌ಗೆ ಸ್ಪೇನಿನ ಫೆಡರೇಷನ್ ಕ್ಲೀನ್ ಚಿಟ್ ಕೊಟ್ಟಿತು. 2012ರ ಫೆಬ್ರವರಿಯಲ್ಲಿ ಅದೇ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷ ನಿಷೇಧಿಸಿ ಪ್ರಶಸ್ತಿ ಕಿತ್ತುಕೊಂಡಿತು. ಊರಿನವರು ತೋರಿಸುವ ಇಂಥ ಕರುಣೆ ಆಟಗಾರರನ್ನು ಎರಡೆರಡು ಸಲ ಬೀಳಿಸುತ್ತದೆ. ಕರುಣೆ ಇದ್ದರೆ ಮದ್ದು ಕೊಟ್ಟವರನ್ನು ಹುಡುಕಿ ತೋರಿಸಲಿ.

ಇನ್ನೊಂದು ಮಾತು. ಉಬ್ಬಸಕ್ಕೆ ಬಳಸುವ ಅಸ್ತಾಲಿನ್ ಇನ್‌ಹೇಲರ್ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದರೊಳಗಿನ ಮದ್ದು ಸಾಲ್ಬುಟಮಾಲ್. ಮೂತ್ರದಲ್ಲಿ ಅದರ ಮಿತಿ ಮಿಲಿಲೀಟರಿಗೆ 1,000 ನ್ಯಾನೋಗ್ರಾಂ. 2014ರಲ್ಲಿ ಇಟಲಿಯ ಸೈಕ್ಲಿಸ್ಟ್ ಡಿಯೆಗೊ ಉಲಿಸ್ಸಿಗೆ ಬಂದದ್ದು 1,900ರ ಆಸುಪಾಸು. ಒಂಬತ್ತು ತಿಂಗಳ ನಿಷೇಧವಾಯಿತು. 2017ರಲ್ಲಿ ಕ್ರಿಸ್ ಫ್ರೂಮ್‌ಗೆ ಬಂದದ್ದು 2,000. ತಿಂಗಳುಗಟ್ಟಲೆ ವಕೀಲರು, ತಜ್ಞರು ವಾದಿಸಿದ ಮೇಲೆ 2018ರ ಜುಲೈಯಲ್ಲಿ ಪ್ರಕರಣ ಮುಗಿಸಿಬಿಟ್ಟರು. ದೇಹದಲ್ಲಿ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಅಂಕಿ ಏರುತ್ತದೆ ಎಂಬುದು ಬಿ.ಎಸ್ಸಿ. ಓದಿದವರಿಗೂ ಗೊತ್ತು. ಫ್ರೂಮ್ ನಿರ್ದೋಷಿಯೇ ಇರಬಹುದು. ಆದರೆ ಅಂಥ ವಕೀಲರನ್ನು, ತಜ್ಞರನ್ನು ಇಡಲು ಸಿದ್ದಾಪುರದ ಹುಡುಗಿಯಿಂದ ಸಾಧ್ಯವಿತ್ತೇ?

ಹಾಗೆಂದು ಆಟಗಾರರ ಹೊಣೆ ಬೇಡ ಎಂದಲ್ಲ. ತನ್ನ ದೇಹಕ್ಕೆ ಏನು ಹೋಗುತ್ತದೋ ಅದಕ್ಕೆ ತಾನೇ ಜವಾಬ್ದಾರಿ ಎಂಬ ನಿಯಮ ಇರಲೇಬೇಕು. ಇಲ್ಲದಿದ್ದರೆ ಪ್ರಾಮಾಣಿಕವಾಗಿ ಓಡಿ ನಾಲ್ಕನೆಯವಳಾದ ಹುಡುಗಿಗೆ ನ್ಯಾಯ ಎಲ್ಲಿ? ನಮ್ಮ ತಕರಾರು ತನಿಖೆ ಅಲ್ಲಿಗೇ ನಿಲ್ಲುವುದರ ಬಗ್ಗೆ.

ನಿಲ್ಲಿಸಬೇಕಾಗಿಲ್ಲ ಎಂದು ಸೈಕ್ಲಿಂಗ್ ತೋರಿಸಿಕೊಟ್ಟಿದೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಪರೀಕ್ಷೆಗಳಿಂದ ಪಾರಾಗುತ್ತಲೇ ಇದ್ದರು. 2012ರಲ್ಲಿ ಅಮೆರಿಕದ ತನಿಖೆಗಾರರು 26 ಮಂದಿಯ ಸಾಕ್ಷ್ಯ ಪಡೆದರು. ಅವರಲ್ಲಿ 11 ಮಂದಿ ಅವರದೇ ತಂಡದ ಸಹ ಆಟಗಾರರು. ಏಳು ಟೂರ್ ಪ್ರಶಸ್ತಿಗಳು ಹೋದವು. ಅಷ್ಟಕ್ಕೇ ಬಿಡಲಿಲ್ಲ. ವೈದ್ಯ ಮಿಕೆಲೆ ಫೆರಾರಿಗೆ ಆಜೀವ ನಿಷೇಧ, ತಂಡದ ನಿರ್ದೇಶಕ ಯೋಹಾನ್ ಬ್ರುನೀಲ್‌ಗೂ ಕೊನೆಗೆ ಆಜೀವ ನಿಷೇಧ. ತನಿಖೆ ಎಂದರೆ ಅದು. ಬರೀ ಮೂತ್ರದ ಬಾಟಲಿ ನೋಡಿದರೆ ಸಾಲದು, ಮನುಷ್ಯರನ್ನು ಕೇಳಬೇಕು.

ಇದು ನಮಗೇಕೆ? ಏಕೆಂದರೆ ನಮ್ಮ ಹುಡುಗರೂ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ ಎಂದು ಜಿಮ್‌ಗೆ ಹೋಗುತ್ತಾರೆ. "ಅಣ್ಣ ಕೊಟ್ಟರು" ಎಂದು ಯಾವುದೋ ಡಬ್ಬದ ಪುಡಿ ಹಾಲಿಗೆ ಹಾಕಿ ಕುಡಿಯುತ್ತಾರೆ. ಒಳಗೆ ಏನಿದೆ ಎಂದು ಕೇಳುವವರಿಲ್ಲ. ಟ್ರೋಫಿ ತಂದರೆ ನಾವೇ ಮಾಲೆ ಹಾಕುತ್ತೇವೆ. ನಾಳೆ ಅವರಲ್ಲೊಬ್ಬ ದೊಡ್ಡ ಕೂಟಕ್ಕೆ ಹೋಗಿ ಸಿಕ್ಕಿಬಿದ್ದರೆ, ಅಣ್ಣನ ಹೆಸರು ಪೇಪರಿನಲ್ಲಿ ಬರುವುದಿಲ್ಲ. ನಮ್ಮ ಹುಡುಗನ ಹೆಸರು ಬರುತ್ತದೆ, ಅವನ ಅಪ್ಪ ಅಮ್ಮ ತಲೆ ತಗ್ಗಿಸುತ್ತಾರೆ.

ಆದ್ದರಿಂದ ಯುವ ಮಿತ್ರರೇ, ಹೆಸರು, ಲೇಬಲ್ ಇಲ್ಲದ ಯಾವುದನ್ನೂ ಬಾಯಿಗೆ ಹಾಕಬೇಡಿ, ಕೊಟ್ಟವರು ಎಷ್ಟೇ ಪ್ರೀತಿಯವರಾಗಿರಲಿ. ಇನ್ನು ಮುಂದೆ ಡೋಪಿಂಗ್ ಸುದ್ದಿ ಬಂದಾಗ "ಎಷ್ಟು ವರ್ಷ?" ಎಂದು ಕೇಳುವ ಮೊದಲು "ಕೊಟ್ಟವರು ಯಾರು?" ಎಂದು ಕೇಳಿ. ಕೇಳುವವರು ಹೆಚ್ಚಾಗುವ ತನಕ ತನಿಖೆಯ ಫಲಿತಾಂಶ ಬದಲಾಗದು.