ಡಬ್ಬಿ ಕೊಟ್ಟರೆ ಸಾಲದು, ಬಾಯಿಬಿಟ್ಟು ಹೇಳಿ

ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ‘ಮಿಶ್ರ ಬೆಳವಣಿಗೆ, ಮತ್ತೊಮ್ಮೆ ಸ್ಯಾಂಪಲ್ ಕಳುಹಿಸಿ’ ಎಂದು ಟೈಪ್ ಮಾಡುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ರೋಗಿಯ ಮೇಲಲ್ಲ, ನಮ್ಮವರ ಮೇಲೆ. ತಾಲ್ಲೂಕು ಊರೊಂದರ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿ ತಲೆ ನರೆಸಿಕೊಂಡವಳು ನಾನು. ಒಂದೇ ತಟ್ಟೆಯಲ್ಲಿ ಮೂರು ಬಗೆಯ ಬ್ಯಾಕ್ಟೀರಿಯಾ ಎದ್ದಿದ್ದರೆ, ಅವು ಬಹುಮಟ್ಟಿಗೆ ಮೂತ್ರಕೋಶದವಲ್ಲ, ಚರ್ಮದ್ದೋ ಕೈಯದ್ದೋ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಆ ಹೆಂಗಸು ಮತ್ತೆ ಬಸ್ಸು ಹತ್ತಬೇಕು, ಮತ್ತೆ ದುಡ್ಡು ಕಟ್ಟಬೇಕು, ಮತ್ತೆ ಎರಡು ದಿನ ಕಾಯಬೇಕು. ಅಷ್ಟರೊಳಗೆ ಉರಿ ತಾಳಲಾರದೆ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ನುಂಗಿರುತ್ತಾಳೆ. ಹಾಗೆ ನುಂಗಿ ಬಂದವಳ ಸ್ಯಾಂಪಲ್ಲಿನಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಕಾಯಿಲೆ ಇದೆ, ರಿಪೋರ್ಟಿನಲ್ಲಿ ಇಲ್ಲ.

ಇಷ್ಟಕ್ಕೂ ಕೌಂಟರಿನಲ್ಲಿ ಆಕೆಗೆ ಸಿಕ್ಕಿದ ಸೂಚನೆ ಏನು? ‘ಬಾತ್‌ರೂಮ್ ಆ ಕಡೆ ಇದೆ, ಹಿಡ್ಕೊಂಡ್ ಬನ್ನಿ.’

ನಾನು ಪಕ್ಕಕ್ಕೆ ಕರೆದು ಹೇಳುವುದು ಹೀಗೆ: ‘ಅಕ್ಕಾ, ಮೊದ್ಲು ಕೈನ ಸೋಪ್ ಹಾಕಿ ತೊಳ್ಕೊಳಿ. ಆಮೇಲೆ ಒಂದಕ್ಕೆ ಹೋಗೋ ಜಾಗಾನ ಬರೀ ನೀರಲ್ಲಿ, ಮುಂದಿಂದ ಹಿಂದಕ್ಕೆ ತೊಳೀರಿ. ಡೆಟಾಲು ಗಿಟಾಲು ಬೇಡ. ಎಡಗೈ ಬೆರಳಲ್ಲಿ ಎರಡೂ ಪಕ್ಕ ಬಿಡಿಸಿ ಹಿಡ್ಕೊಂಡು, ಮೊದ್ಲು ಸ್ವಲ್ಪ ಕೆಳಕ್ಕೆ ಹೋಗೋಕೆ ಬಿಡಿ. ಹಂಗೇ ಹೋಗ್ತಿರೋವಾಗ ಡಬ್ಬಿ ಒಡ್ಡಿ. ಅರ್ಧ ತುಂಬಿದ್ರೆ ಸಾಕು, ತೆಗೀರಿ, ಮಿಕ್ಕಿದ್ದು ಮತ್ತೆ ಕೆಳಕ್ಕೆ. ಡಬ್ಬಿ ಮೈಗೆ ತಾಗ್ಬಾರ್ದು, ಒಳಗೆ ಬೆರಳು ಹಾಕ್ಬಾರ್ದು, ಮುಚ್ಚಳ ಬೋರಲು ಇಡ್ಬೇಡಿ.’

ಒಂದು ನಿಮಿಷವೂ ಬೇಡ. ‘ಯಾಕೆ ಮೊದಲನೇದು ಬೇಡ?’ ಎಂದು ಕೇಳುವವರೂ ಇದ್ದಾರೆ. ನಮ್ಮ ಕಡೆಯವರಿಗೆ ಬೋರ್‌ವೆಲ್ಲಿನ ಮಾತು ಸಾಕು: ಮೋಟರ್ ಹಾಕಿದಾಗ ಮೊದಲು ಬರುವ ಕೆಂಪು ನೀರು ಹೋಗಲಿ ಎಂದು ಬಿಟ್ಟು ಆಮೇಲೆ ತಾನೇ ಕೊಡ ಹಿಡಿಯುವುದು? ಮೂತ್ರನಾಳದ ಬಾಯಲ್ಲಿ ಸದಾ ಇರುವ ಬ್ಯಾಕ್ಟೀರಿಯಾವನ್ನು ಮೊದಲ ಧಾರೆ ತೊಳೆದುಕೊಂಡು ಹೋಗುತ್ತದೆ. ಡೆಟಾಲ್ ಬೇಡ ಎನ್ನುವುದಕ್ಕೂ ಕಾರಣ ಇದೆ. ಅದು ಒಂದಿಷ್ಟು ಡಬ್ಬಿಗೆ ಬಿದ್ದರೆ ನಾವು ಹುಡುಕುತ್ತಿರುವ ರೋಗಾಣುವೇ ಸಾಯಬಹುದು. ಗಂಡಸರಿಗೆ ನಮ್ಮ ಅಟೆಂಡರ್ ಹೇಳುತ್ತಾನೆ, ತುದಿಯ ಚರ್ಮ ಹಿಂದಕ್ಕೆ ಸರಿಸಿ ತೊಳೆದು, ಅದೇ ಕ್ರಮದಲ್ಲಿ ಹಿಡಿಯಿರಿ ಎಂದು. ಅವನು ರಜೆ ಹಾಕಿದ ದಿನ ನಾನೇ ಹೇಳುತ್ತೇನೆ. ಅವರು ಗೋಡೆ ನೋಡುತ್ತಾರೆ, ನಾನು ರಿಜಿಸ್ಟರ್ ನೋಡುತ್ತೇನೆ, ಕೆಲಸ ಆಗುತ್ತದೆ.

ಈಗ ಶೌಚಾಲಯದ ವಿಷಯ. ಸೀರೆ ಉಟ್ಟ ಹೆಂಗಸೊಬ್ಬಳು ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಬೇಕೆಂದರೆ ಆಕೆಗೆ ಮೂರು ಕೈ ಬೇಕು: ಒಂದು ಸೀರೆಗೆ, ಒಂದು ಬಿಡಿಸಿ ಹಿಡಿಯಲು, ಒಂದು ಡಬ್ಬಿಗೆ. ಬ್ಯಾಗನ್ನು ಎಲ್ಲಿ ನೇತುಹಾಕುವುದು, ಮುಚ್ಚಳ ಎಲ್ಲಿಡುವುದು? ಎಷ್ಟೋ ಲ್ಯಾಬುಗಳ ಬಾತ್‌ರೂಮಿನಲ್ಲಿ ಗೋಡೆಗೊಂದು ಮೊಳೆ ಇಲ್ಲ, ಒಂದು ಗೇಣು ಕಲ್ಲಿನ ಹಲಗೆ ಇಲ್ಲ, ಬಾಗಿಲಿನ ಚಿಲಕ ಕೂರುವುದಿಲ್ಲ. ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಏಸಿ ರೂಮಿನಲ್ಲಿ ಕೂತಿರುತ್ತದೆ. ಅದರ ಬಾಯಿಗೆ ಹೋಗುವ ಸ್ಯಾಂಪಲ್ ಮಾತ್ರ ಒಂಟಿ ಕಾಲಲ್ಲಿ ಬಾಗಿಲು ಒತ್ತಿ ಹಿಡಿದು ತೆಗೆದದ್ದು!

ಇನ್ನು ಅಲ್ಲಿಂದ ವಾಪಸು ನಡೆಯಬೇಕಲ್ಲ, ಅದು ಮತ್ತೂ ಕಷ್ಟ. ಬೆಂಚಿನ ಮೇಲೆ ಊರಿನ ಗಂಡಸರೆಲ್ಲ ಕೂತಿರುವ ಹಾಲಿನಲ್ಲಿ, ಒಳಗಿರುವುದು ಕಾಣುವ ಡಬ್ಬಿ ಹಿಡಿದು ಹಾದುಹೋಗಬೇಕು. ಸೆರಗಿನಡಿ ಮುಚ್ಚಿಕೊಂಡು ಬರುವವರು, ನನ್ನ ಕೈಗೆ ಕೊಡದೆ ಮೂಲೆಯಲ್ಲಿಟ್ಟು ಹೊರಟುಬಿಡುವವರು, ಹೆಸರು ಬರೆಯಲೂ ಒಪ್ಪದವರು ಎಲ್ಲರನ್ನೂ ಕಂಡಿದ್ದೇನೆ. ಒಮ್ಮೆ ಎಳೆಯ ಸೊಸೆಯೊಬ್ಬಳು ನಲ್ಲಿ ನೀರನ್ನೇ ತುಂಬಿ ಕೊಟ್ಟಿದ್ದಳು. ಸಾಂದ್ರತೆ ನೋಡಿದರೆ 1.000. ಎಷ್ಟೇ ನೀರು ಕುಡಿದ ಮನುಷ್ಯನ ಮೂತ್ರವೂ ಅಷ್ಟು ತೆಳ್ಳಗಿರುವುದಿಲ್ಲ. ‘ಬರ್ಲಿಲ್ಲ ಮೇಡಂ, ಹೊರಗೆ ಮಾವ ನಿಂತಿದ್ರು’ ಎಂದಳು. ಬಾತ್‌ರೂಮಿನ ಗೋಡೆಯಲ್ಲೇ ಲ್ಯಾಬಿನ ಕಡೆಗೆ ಒಂದು ಪುಟ್ಟ ಕಿಟಕಿ ಬಿಟ್ಟು, ಡಬ್ಬಿಯನ್ನು ಅಲ್ಲೇ ಇಟ್ಟುಹೋಗುವ ಹಾಗೆ ಮಾಡಿದರೆ ಈ ಮೆರವಣಿಗೆಯೇ ತಪ್ಪುತ್ತದೆ.

ಮನೆಯಿಂದ ತರುವವರಿಗೂ ಒಂದು ಮಾತು. ಉಪ್ಪಿನಕಾಯಿ ಬಾಟಲಿ, ಕೆಮ್ಮಿನ ಸಿರಪ್ಪಿನ ಬಾಟಲಿ ಬೇಡ. ಬ್ಲೀಚಿಂಗ್ ಪುಡಿ ಹಾಕಿ ಫಳಫಳ ತೊಳೆದಿದ್ದರಂತೂ ಇಲ್ಲದ ಸಕ್ಕರೆ, ಇಲ್ಲದ ರಕ್ತ ಎರಡೂ ನಮ್ಮ ಸ್ಟ್ರಿಪ್ಪಿನಲ್ಲಿ ಕಾಣಿಸಿಕೊಳ್ಳಬಹುದು. ಬೆಳಗಿನ ಮೊದಲ ಮೂತ್ರ ಒಳ್ಳೆಯದೇ, ಆದರೆ ಎರಡು ಗಂಟೆಯೊಳಗೆ ಲ್ಯಾಬು ಮುಟ್ಟಬೇಕು. 1950ರ ದಶಕದಲ್ಲಿ ಬಾಸ್ಟನ್ನಿನ ಎಡ್ವರ್ಡ್ ಕ್ಯಾಸ್ ಎಂಬ ವೈದ್ಯರು ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ ಎಂಬ ಗೆರೆ ಎಳೆದರು. ಸೋಂಕು ಹೌದೋ ಅಲ್ಲವೋ ಎಂದು ಅಳೆಯಲು ಇಂದಿಗೂ ಅದನ್ನು ಬಳಸುತ್ತೇವೆ. ಆ ಲೆಕ್ಕ ತಾಜಾ ಮೂತ್ರದ್ದು. ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಶಾಖ, ಆಹಾರ ಎರಡೂ ಒಗ್ಗಿದರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂತ್ರದಲ್ಲಿ ಅಷ್ಟು ವೇಗ ಇಲ್ಲದಿದ್ದರೂ, ಬಿಸಿಲಲ್ಲಿ ಬಸ್ಸಿಗೆ ಕಾದ ಬ್ಯಾಗಿನೊಳಗೆ ಕೆಲವೇ ಸಾವಿರ ಇದ್ದದ್ದು ಆ ಗೆರೆ ದಾಟಿಬಿಡಬಹುದು. ತಡವಾಗುವುದಾದರೆ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ತನ್ನಿ ಎನ್ನುತ್ತೇವೆ. ಮೊಸರು, ದೇವರ ಹೂವು ಇರುವ ಫ್ರಿಜ್ಜಿನಲ್ಲಿ ಇದನ್ನಿಡಲು ಯಾವ ಅತ್ತೆ ಒಪ್ಪುತ್ತಾರೆ? ಲ್ಯಾಬಿಗೇ ಬಂದು ಕೊಡುವುದು ಸುಲಭ.

ಬಸುರಿಯರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಪ್ರತಿ ತಪಾಸಣೆಗೂ ಅವರ ಮೂತ್ರದಲ್ಲಿ ಪ್ರೋಟೀನ್ ನೋಡುತ್ತೇವೆ, ಬಿ.ಪಿ. ಏರಿ ತಾಯಿ ಮಗು ಇಬ್ಬರಿಗೂ ಅಪಾಯ ತರುವ ಕಾಯಿಲೆಯ ಸುಳಿವು ಅದರಲ್ಲಿರುತ್ತದೆ. ತೊಳೆಯದೆ ಹಿಡಿದರೆ ಬಿಳಿಸೆರಗು ಬೆರೆತು ಪ್ರೋಟೀನ್ ಇದೆ ಎಂದೇ ತೋರಿಸಬಹುದು. ಸುಮ್ಮನೆ ಒಂದು ಮನೆಯೆಲ್ಲ ರಾತ್ರಿ ನಿದ್ದೆಗೆಡುತ್ತದೆ. ಮುಟ್ಟಾಗಿದ್ದರೂ ಮರೆಮಾಚದೆ ಹೇಳಬೇಕು, ಇಲ್ಲದಿದ್ದರೆ ಆ ರಕ್ತದ ಮೂಲ ಹುಡುಕಿ ಸ್ಕ್ಯಾನಿಂಗ್‌ವರೆಗೂ ಹೋದೀತು.

‘ಅಷ್ಟೆಲ್ಲ ಹೇಳ್ತಾ ಕೂರೋಕೆ ಟೈಮ್ ಎಲ್ಲಿದೆ, ಬೋರ್ಡ್ ಹಾಕಿದೀವಲ್ಲ’ ಎನ್ನುವ ಮಾಲೀಕರಿದ್ದಾರೆ. ಆ ಬೋರ್ಡು ಇಂಗ್ಲಿಷಿನಲ್ಲಿರುತ್ತದೆ, ನೀರಿನ ಕ್ಯಾನಿನ ಹಿಂದಿರುತ್ತದೆ. ಓದು ಬಾರದ ಅಜ್ಜಿಗೆ ಅದರಿಂದ ಏನು ಪ್ರಯೋಜನ? ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು, ಸಂಕೋಚ ಬಿಟ್ಟು ಹೇಳುವುದನ್ನು ಕೌಂಟರಿನ ಹುಡುಗ ಹುಡುಗಿಯರಿಗೆ ಕೆಲಸಕ್ಕೆ ಸೇರಿದ ದಿನವೇ ಕಲಿಸಬೇಕು. ಡಾಕ್ಟರುಗಳಲ್ಲೂ ಒಂದು ಕೋರಿಕೆ ಇದೆ: ಒಂದೇ ಚೀಟಿಯಲ್ಲಿ ಕಲ್ಚರೂ ಮಾತ್ರೆಯೂ ಬರೆಯುವಾಗ, ಮೊದಲು ಲ್ಯಾಬಿಗೆ ಹೋಗಿ ಮೂತ್ರ ಕೊಟ್ಟು, ಆಮೇಲೆ ಮಾತ್ರೆ ಶುರು ಮಾಡಿ ಎಂದು ಬಾಯಲ್ಲೂ ಹೇಳಿ ಕಳಿಸಿ.