ಅಂಗಡೀಲಿ ಸಿಗೋದನ್ನೇ ಯಾಕೋ ಮಾರ್ತೀಯಾ?

ಕೂಲಿಂಗ್ ಚಾರ್ಜ್ ವಿಷಯ ನಿಮಗೂ ಗೊತ್ತಿರುತ್ತೆ. ಕೆಂಪಾಪುರದಲ್ಲಿ ನಮ್ಮ ರಸ್ತೆಯ ಒಂದು ಅಂಗಡಿಯಲ್ಲಿ ಫ್ರಿಜ್‌ನಿಂದ ತೆಗೆದ ಬಾಟಲಿಗೆ ಎಂಆರ್‌ಪಿ ಮೇಲೆ ಎರಡು ರೂಪಾಯಿ ಜಾಸ್ತಿ. ಕೇಳಿದರೆ "ಕರೆಂಟ್ ಬಿಲ್ ಯಾರ್ ಕಟ್ತಾರೆ ಸಾರ್?" ಅಂತಾರೆ. ಕಾನೂನಿನ ಪ್ರಕಾರ ಅದು ತಪ್ಪು, ಪ್ಯಾಕೆಟ್ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರುವ ಹಾಗಿಲ್ಲ. ಆದರೆ ಅದೇ ರಸ್ತೆಯಲ್ಲಿ ತಳ್ಳುಗಾಡಿಯವರು ಯಶವಂತಪುರ ಎಪಿಎಂಸಿ ಯಾರ್ಡ್‌ನಿಂದ ಈರುಳ್ಳಿ ತಂದು, ಅಲ್ಲಿನ ರೇಟಿಗಿಂತ ಜಾಸ್ತಿಗೆ ಮಾರಿದರೆ ನಾವ್ಯಾರೂ ಜಗಳ ತೆಗೆಯಲ್ಲ. ಹೆಬ್ಬಾಳದ ಟ್ರಾಫಿಕ್ ದಾಟಿ ಯಾರ್ಡ್‌ಗೆ ಹೋಗಿ ಮೂಟೆ ಹೊತ್ತು ತರೋರು ಯಾರು?

ಈ ವಾರ ಈ ಮಾತು ಬಂದಿದ್ದು ಮೊಬೈಲ್ ಗೇಮ್ ದೆಸೆಯಿಂದ. ನಮ್ಮ ಜೊತೆ ಇದ್ದು ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಫೋನಿನಲ್ಲಿ 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಆಡ್ತಾನೆ. 2013ರಲ್ಲಿ ಶುರುವಾದ ಆಟ, 2018ರಲ್ಲಿ ಮೊಬೈಲ್‌ಗೆ ಬಂತು. ನೋಡೋಕೆ ಹಳೇ ಕಾಲದ ಗ್ರಾಫಿಕ್ಸ್, ಆದರೆ ಒಳಗೆ ದೊಡ್ಡ ಸಂತೆಯೇ ಇದೆ. ಇವನು ಅಲ್ಲಿ ರಾಕ್ಷಸರನ್ನು ಕೊಲ್ಲೋದಕ್ಕಿಂತ ಜಾಸ್ತಿ ವ್ಯಾಪಾರ ಮಾಡ್ತಾನೆ. ಕಂಪ್ಯೂಟರ್ ನಡೆಸುವ ಅಂಗಡಿಯಲ್ಲಿ ಕೊಂಡಿದ್ದನ್ನು ಬೇರೆ ಆಟಗಾರರಿಗೆ ಹೆಚ್ಚಿನ ಬೆಲೆಗೆ ಮಾರೋದು. ಹೆಗಲ ಮೇಲಿಂದ ಬಗ್ಗಿ ನೋಡಿದ ನಮ್ಮಮ್ಮ ಕೇಳಿದ್ದು ಇಷ್ಟೇ: "ಅಂಗಡೀಲಿ ಸಿಗೋದನ್ನೇ ಯಾಕೋ ಮಾರ್ತೀಯಾ? ತಗೊಳ್ಳೋರಿಗೆ ಬುದ್ಧಿ ಇಲ್ವಾ?"

"ಬುದ್ಧಿ ಇದೆ ಅಜ್ಜಿ, ಪುರುಸೊತ್ತಿಲ್ಲ" ಅಂದ.

ಅವನ ಉತ್ತರ ಅರ್ಧ ಸರಿ. ಉಳಿದರ್ಧಕ್ಕೆ ನಾನು ಕಾಲೇಜು ದಿನಗಳಲ್ಲಿ ಆಡುತ್ತಿದ್ದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ಗೆ ಹೋಗಬೇಕು. 2004ರಲ್ಲಿ ಬಂದ ಆಟ. ಅದರಲ್ಲಿ ಅಲಯನ್ಸ್, ಹೋರ್ಡ್ ಅಂತ ಎರಡು ಪಕ್ಷ. ಆಗ ಒಬ್ಬರಿಗೊಬ್ಬರು ಮಾತಾಡೋ ಹಾಗಿರಲಿಲ್ಲ, ಕೊಡು-ಕೊಳ್ಳು ಇರಲಿಲ್ಲ. ಅಲಯನ್ಸ್ ಕಡೆಯ ಎಲ್ವಿನ್ ಕಾಡಿನಲ್ಲಿ ಒಬ್ಬ ಹೆಂಗಸು ಮನೆ ತುಂಬ ಬೆಕ್ಕು ಸಾಕಿಕೊಂಡು ಮರಿಗಳನ್ನು ಮಾರ್ತಾಳೆ. ಬೆಲೆ 40 ಬೆಳ್ಳಿ, ಅಂದರೆ ಅರ್ಧ ಗೋಲ್ಡ್ ಕೂಡ ಇಲ್ಲ. ಸ್ಟಾರ್ಮ್‌ವಿಂಡ್ ಊರಿನಲ್ಲಿ ಟಿಮ್ಮಿ ಅಂತ ಒಬ್ಬ ಪುಟ್ಟ ಹುಡುಗ ಬಿಳಿ ಬೆಕ್ಕಿನ ಮರಿ ಹಿಡಿದುಕೊಂಡು ಬೀದಿ ಬೀದಿ ಓಡಾಡ್ತಾನೆ. ಅವನು ಯಾವಾಗಲೂ ಇರಲ್ಲ, ಇದ್ದಾಗಲೂ ಅವನ ಹತ್ತಿರ ಇರೋದು ಒಂದೇ ಮರಿ.

ಹೋರ್ಡ್ ಕಡೆಯವರಿಗೆ ಈ ಬೆಕ್ಕು ಬೇಕು ಅಂದರೆ ಶತ್ರುವಿನ ಊರಿಗೆ ನುಗ್ಗಿದರೂ ಪ್ರಯೋಜನವಿಲ್ಲ, ಆ ಹೆಂಗಸು ಅವರಿಗೆ ಮಾರಲ್ಲ. ಉಳಿದಿದ್ದು ಒಂದೇ ದಾರಿ, ಬೂಟಿ ಬೇ ಥರದ ಮೂರು ತಟಸ್ಥ ಊರುಗಳ ಹರಾಜು ಕಟ್ಟೆ. ಎರಡೂ ಕಡೆಯವರು ಅಲ್ಲಿಗೆ ಬರಬಹುದು. ನಮ್ಮ ಊರಿನ ಹರಾಜು ಕಟ್ಟೆಯವರು ಮಾರಿದ್ದರಲ್ಲಿ ನೂರಕ್ಕೆ 5 ಹಿಡಿದುಕೊಂಡರೆ, ತಟಸ್ಥ ಊರಿನ ಗಾಬ್ಲಿನ್‌ಗಳು 15 ಹಿಡೀತಾರೆ. ಹಿಡಿದರೂ ಲಾಭವೇ. 40 ಬೆಳ್ಳಿಯ ಬೆಕ್ಕು ಗೋಲ್ಡ್‌ಗಟ್ಟಲೆ ಬೆಲೆಗೆ ಹೋಗ್ತಿತ್ತು. ಮುಂದೆ ಎರಡೂ ಪಕ್ಷದ ಹರಾಜನ್ನು ಒಂದು ಮಾಡಿದ ಮೇಲೆ ಆ ಬೇಲಿ ಹೋಯ್ತು, ಬೇಲಿಯ ಜೊತೆ ಆ ವ್ಯಾಪಾರದ ಗಮ್ಮತ್ತೂ ಹೋಯ್ತು. 2019ರಲ್ಲಿ ಹಳೇ ಆಟವನ್ನು 'ಕ್ಲಾಸಿಕ್' ಅಂತ ಮತ್ತೆ ತಂದಾಗ ಬೆಕ್ಕಿನ ವ್ಯಾಪಾರಿಗಳೂ ವಾಪಸ್ ಬಂದರು.

ಅಂದರೆ ಜನ ಅಂಗಡಿ ಮಾಲಿಗೆ ಜಾಸ್ತಿ ಕೊಡೋದಕ್ಕೆ ಬೇರೆ ಬೇರೆ ಕಾರಣ ಇವೆ. ಕೆಲವರಿಗೆ ಅಷ್ಟು ದೂರ ಹೋಗೋಕೆ ಬೇಜಾರು. ಕೆಲವರು ಹೋಗಬೇಕು ಅಂದರೂ ಹೋಗೋ ಹಾಗಿಲ್ಲ. ಇನ್ನು ಕೆಲವರಿಗೆ ಅಂಗಡೀಲಿ ಸಿಗುತ್ತೆ ಅನ್ನೋದೇ ಗೊತ್ತಿಲ್ಲ. ಮೊದಲ ಎರಡರಲ್ಲಿ ನನಗೆ ಯಾವ ತಕರಾರೂ ಕಾಣಲ್ಲ, ಅದು ಯಾರ್ಡ್‌ನಿಂದ ಬಂದ ಈರುಳ್ಳಿ. ಮನಸ್ಸಿಗೆ ಚುಚ್ಚೋದು ಮೂರನೆಯದು. ಹತ್ತು ಹೆಜ್ಜೆ ದೂರದ ಅಂಗಡಿಯಲ್ಲಿ ಸಿಗುವ ಕಸುಬಿನ ಪುಸ್ತಕವನ್ನು ನಿನ್ನೆ ತಾನೇ ಆಟಕ್ಕೆ ಸೇರಿದ ಹುಡುಗನಿಗೆ ಇಪ್ಪತ್ತು ಪಟ್ಟು ಬೆಲೆಗೆ ತಗುಲಿಸೋದು. ಹರಾಜಿನಲ್ಲಿ ಕೊಳ್ಳುವವನ ಮುಖ ಕಾಣಲ್ಲ, ಅದಕ್ಕೇ ಮಾಡೋದು ಸುಲಭ. ಅಕ್ಕನ ಮಗನಿಗೆ ನಾನು ಹೇಳಿದ್ದು: ಹರಾಜಿಗೆ ಹಾಕು, ಬೇಡ ಅನ್ನಲ್ಲ. ಆದರೆ ಚಾಟ್‌ನಲ್ಲಿ ಯಾರಾದರೂ "ಇದು ಎಲ್ಲಿ ಸಿಗುತ್ತೆ?" ಅಂತ ಕೇಳಿದರೆ ಅಂಗಡಿ ಹೆಸರು ಹೇಳು. ಅವನು ಒಪ್ಪಿದ, ಸ್ವಲ್ಪ ಮುಖ ಹುಳ್ಳಗೆ ಮಾಡಿಕೊಂಡು.

ಇನ್ನು ಲೆಕ್ಕ. ಅವನು ಮುಖ್ಯವಾಗಿ ಮಾರೋದು ಬ್ಯಾಟಲ್‌ಸ್ಟಾಫ್ ಅನ್ನೋ ಕೋಲು. ವ್ಯಾರಕ್ ಊರಿನಲ್ಲಿ ಝ್ಯಾಫ್ ಅಂತ ಒಬ್ಬ ಅಂಗಡಿಯವನಿದ್ದಾನೆ. ಆ ಊರಿನ 'ಡೈರಿ'ಯ ಸುಲಭ ಕೆಲಸಗಳನ್ನು ಮುಗಿಸಿದವರಿಗೆ ದಿನಕ್ಕೆ 15 ಕೋಲು, ಒಂದಕ್ಕೆ 7,000 ನಾಣ್ಯದ ಹಾಗೆ ಕೊಡ್ತಾನೆ. ಮುಂದಿನ ಹಂತಗಳಲ್ಲಿ 30, ಆಮೇಲೆ 60, ಎಲ್ಲ ಮುಗಿಸಿದರೆ 120. ಥೇಟ್ ರೇಷನ್ ಕಾರ್ಡ್. ಕೋಲಿಗೆ ಮಾಯದ ಗೋಲ ಕೂಡಿಸಿ ಕ್ರಾಫ್ಟಿಂಗ್ ಕಲಿಯುವವರಿಗೆ ಇದು ಸಾವಿರಗಟ್ಟಲೆ ಬೇಕು. ಅಷ್ಟನ್ನು ಝ್ಯಾಫ್ ಒಬ್ಬರಿಗೇ ಕೊಡಲ್ಲ, ಹಾಗಾಗಿ ಅವರು ಮಾರುಕಟ್ಟೆಗೆ ಬರಲೇಬೇಕು. ಗೊತ್ತಿಲ್ಲದವರನ್ನು ನಂಬಿದ ವ್ಯಾಪಾರ ಅಲ್ಲ ಇದು, ಕೋಟಾ ವ್ಯಾಪಾರ. ಅದಕ್ಕೇ ನನಗೆ ಇಷ್ಟ. ಇನ್ನೊಂದು ತಮಾಷೆ, ಆಟದ ದಿನ ಬದಲಾಗೋದು ಲಂಡನ್ ಕಡೆಯ ಯುಟಿಸಿ ಮಧ್ಯರಾತ್ರಿಗೆ. ನಮಗೆ ಅದು ಬೆಳಿಗ್ಗೆ 5.30, ನಂದಿನಿ ಹಾಲು ಬರೋ ಹೊತ್ತು. ಹಾಗಂತ ಅಲಾರಂ ಇಟ್ಟು ಏಳಬೇಕಾಗಿಲ್ಲ, ಮಾರನೇ ದಿನ 5.30ರ ಒಳಗೆ ಯಾವಾಗ ತಗೊಂಡರೂ ಆಯ್ತು. (ಇವನು ಮೊದಲ ವಾರ ಎದ್ದಿದ್ದ. ಹಾಲು ತಂದುಕೊಟ್ಟಿದ್ದೊಂದೇ ಲಾಭ.)

ಮಾರುಕಟ್ಟೆಯಲ್ಲಿ ಒಂದು ಕೋಲಿಗೆ 8,000 ಸಿಕ್ಕಿತು ಅಂತಿಟ್ಟುಕೊಳ್ಳಿ. ಗ್ರ್ಯಾಂಡ್ ಎಕ್ಸ್‌ಚೇಂಜ್ ಅನ್ನೋ ಆ ಮಾರುಕಟ್ಟೆಯಲ್ಲಿ ಮಾರಿದವರ ಮೇಲೆ ತೆರಿಗೆ ಇದೆ. 2021ರ ಡಿಸೆಂಬರ್‌ನಲ್ಲಿ ನೂರಕ್ಕೆ 1 ಅಂತ ಶುರುವಾಗಿದ್ದು 2025ರಲ್ಲಿ 2 ಆಯ್ತು. 8,000ಕ್ಕೆ 160 ಹೋದರೆ ಉಳಿಯೋದು 7,840. ಅಸಲು ಕಳೆದರೆ ಕೋಲಿಗೆ 840, ಹದಿನೈದಕ್ಕೆ 12,600. ಎರಡು ನಿಮಿಷದ ಕೆಲಸಕ್ಕೆ ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ?

ಈಗ ಇನ್ನೊಂದು ಕಡೆ ನೋಡಿ. ಡೈರಿ, ಬ್ಯಾಟಲ್‌ಸ್ಟಾಫ್ ಎರಡೂ ದುಡ್ಡು ಕಟ್ಟಿದ ಮೆಂಬರ್‌ಗಳಿಗೆ ಮಾತ್ರ. ರೂಪಾಯಿ ಕಟ್ಟದೆ ಮೆಂಬರ್ ಆಗೋಕೆ ಒಂದು ದಾರಿ ಇದೆ. ಯಾರೋ ಕಂಪನಿಯಿಂದ ನಿಜವಾದ ದುಡ್ಡಿಗೆ 'ಬಾಂಡ್' ಕೊಂಡು ಮಾರುಕಟ್ಟೆಗೆ ಬಿಡ್ತಾರೆ, ನೀವು ನಾಣ್ಯ ಕೊಟ್ಟು ಅದನ್ನು ಕೊಂಡರೆ 14 ದಿನದ ಮೆಂಬರ್‌ಶಿಪ್. ಬಾಂಡ್ ಬೆಲೆ ಒಂದು ಕೋಟಿ ನಾಣ್ಯ ಅಂತಲೇ ಹಿಡಿಯೋಣ. ದಿನಕ್ಕೆ 12,600ರ ಹಾಗೆ ಕೂಡಿಸಿದರೆ 794 ದಿನ. ಎರಡು ವರ್ಷದ ಮೇಲೆ ಎರಡು ತಿಂಗಳು, ಹದಿನಾಲ್ಕು ದಿನ ಆಡೋಕೆ! ದಿನಕ್ಕೆ 120 ಕೋಲು ಸಿಗುವವರಿಗೂ ನೂರು ದಿನ ಹಿಡಿಯುತ್ತೆ. ಹಾಗಾಗಿ "ಅಂಗಡಿ ಮಾಲು ಮಾರಿ ಪುಕ್ಕಟೆ ಆಡಬಹುದು" ಅಂತ ಯಾರಾದರೂ ಹೇಳಿದರೆ ಅವರ ಲೆಕ್ಕ ಕೇಳಿ. ಇದು ಕೈಖರ್ಚಿಗೆ ಆಗುವ ವ್ಯಾಪಾರ, ಅಷ್ಟೇ.

ಹೊಸಬರು ಎಡವೋದು ಅಂಗಡಿಯ ಇನ್ನೊಂದು ನಿಯಮದಲ್ಲಿ. ಈ ಆಟದ ಅನೇಕ ಅಂಗಡಿಗಳಲ್ಲಿ ಒಂದೊಂದೇ ಕೊಳ್ಳುತ್ತಾ ಹೋದ ಹಾಗೆ ದಾಸ್ತಾನು ಇಳಿದು ಬೆಲೆ ಏರುತ್ತೆ. ಮೊದಲ ಹತ್ತಕ್ಕೆ ಲಾಭ, ಐವತ್ತನೆಯದಕ್ಕೆ ನಷ್ಟ ಅಂತಲೂ ಆಗಬಹುದು. ಅನುಭವ ಇರೋರು ಸ್ವಲ್ಪ ಕೊಂಡು ಬೇರೆ 'ವರ್ಲ್ಡ್'ಗೆ, ಅಂದರೆ ಬೇರೆ ಸರ್ವರ್‌ಗೆ ಹಾರಿಬಿಡ್ತಾರೆ. ಅಂಗಡಿ ಅದೇ, ದಾಸ್ತಾನು ಬೇರೆ. ವಾರ್‌ಕ್ರಾಫ್ಟ್‌ನಲ್ಲಾದರೆ ಹರಾಜಿಗೆ ಇಡುವಾಗಲೇ ಠೇವಣಿ ಕಟ್ಟಬೇಕು, ಮಾಲು ಹೋಗದಿದ್ದರೆ ಠೇವಣಿ ವಾಪಸ್ ಬರಲ್ಲ. ಹೀಗಾಗಿ ಟಿಮ್ಮಿಯ ಬೆಕ್ಕು ಸಿಕ್ಕಿತು ಅಂತ ಹುಚ್ಚು ಬೆಲೆ ಹಾಕಿ ಕೂರೋಕಾಗಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಮನೆಯಲ್ಲಿ ದನಿ ಏರಿಸಿದ್ದೆ. "ಮಾವ, ಈ ಗೋಲ್ಡ್‌ನ ರೂಪಾಯಿಗೆ ಮಾರಿದ್ರೆ?" ಅಂತ ಕೇಳಿದ. ಎರಡೂ ಆಟದ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ, ಸಿಕ್ಕಿಬಿದ್ದರೆ ಅಕೌಂಟ್ ಹೋಗುತ್ತೆ. ನಮ್ಮ ಟೀಮಿನ ಒಬ್ಬ ಹುಡುಗ ಇನ್ನೊಂದು ಆಟದಲ್ಲಿ ಗುರುತಿಲ್ಲದವರಿಗೆ ಯುಪಿಐ ಮಾಡಿ ಗೋಲ್ಡ್ ತರಿಸಿಕೊಂಡಿದ್ದ. ಗೋಲ್ಡ್ ಬಂತು, ಹತ್ತು ದಿನಕ್ಕೆ ಅಕೌಂಟೇ ಬ್ಯಾನ್. ನಾಲ್ಕು ವರ್ಷ ಆಡಿ ಬೆಳೆಸಿದ ಪಾತ್ರ ಅದು. ಯಾರಿಗೆ ದೂರು ಕೊಡೋದು? ಕೊಟ್ಟವರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಈ ಕಥೆಯನ್ನು ಅಕ್ಕನ ಮಗ ಪೂರ್ತಿ ಕೇಳಿಸಿಕೊಂಡ, ಮತ್ತೆ ಆ ಪ್ರಶ್ನೆ ಬಂದಿಲ್ಲ.

ಕೋಲು ಮಾರಲು ಹೊರಟವರಿಗೆ ಒಂದು ಸಂಖ್ಯೆ ಹೇಳಿಬಿಡ್ತೀನಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ: 7,142. ಆ ಬೆಲೆಗೆ ಮಾರಿದರೆ ತೆರಿಗೆ 142 ಹೋಗಿ ಸರಿಯಾಗಿ ಅಸಲು 7,000 ಕೈಗೆ ಬರುತ್ತೆ. ಮಾರುಕಟ್ಟೆ ಅದಕ್ಕಿಂತ ಕೆಳಗಿಳಿದ ದಿನ ಝ್ಯಾಫ್ ಅಂಗಡಿ ಕಡೆ ಹೋಗಬೇಡಿ. ಅವತ್ತು ಕೊಂಡು ಮಾರಿದರೆ ನಷ್ಟವೇ.